ಸಹಿ ಹಾಕುವ ಮೊದಲು ಅವಳನ್ನೇ ಕೇಳು

ಮಗಳೇ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ನೋಡಿದೆ. ಬೌದ್ಧಿಕ ಅಂಗವೈಕಲ್ಯವಿರುವ ನಿನ್ನ ತಂಗಿಗೆ ಏಳು ತಿಂಗಳು ತುಂಬಿದೆ, ಹೆರಿಗೆಯ ಜೊತೆಗೇ ಇನ್ನು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಬಿಡೋಣ, ಅವಳಿಗೆ ಇದೆಲ್ಲ ತಿಳಿಯುವುದಿಲ್ಲ, ತವರಿನವರೇ ಸಹಿ ಹಾಕಿ ಎಂದು ಅವಳ ಅತ್ತೆ ಹೇಳುತ್ತಿದ್ದಾರೆ, ಏನು ಮಾಡಲಿ ಎಂದಿದ್ದೀಯೆ. ಅವಳನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ನಿನ್ನ ಕುಂದಾಪುರದ ಚಿಕ್ಕಮ್ಮನಿಗೆ, ಅಂದರೆ ನನ್ನ ತಂಗಿಗೆ, ಏನಾಯಿತೆಂಬುದು ಮನೆಯ ಹಿರಿಯರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ನಾನೇ ಹೇಳುತ್ತೇನೆ. ಅವಳಿಗೂ ನಿನ್ನ ತಂಗಿಯ ಹಾಗೆ ಲೆಕ್ಕ ಹತ್ತುತ್ತಿರಲಿಲ್ಲ, ಒಂದೊಂದು ಕೆಲಸವನ್ನೂ ಮತ್ತೆ ಮತ್ತೆ ತೋರಿಸಬೇಕಾಗುತ್ತಿತ್ತು. ಕಲಿತದ್ದನ್ನು ಮಾತ್ರ ಮರೆಯುತ್ತಿರಲಿಲ್ಲ. ಚೊಚ್ಚಲ ಹೆರಿಗೆ ಸಿಸೇರಿಯನ್ ಆದಾಗ ಅವಳ ಗಂಡನೂ ನಮ್ಮ ಅಣ್ಣನೂ ಸಹಿ ಹಾಕಿ, ಆಪರೇಷನ್ ಮಾಡಿಸಿ, ಅದನ್ನು ಅವಳಿಂದ ಮುಚ್ಚಿಟ್ಟರು. ಹುಬ್ಬಳ್ಳಿಯಲ್ಲಿದ್ದ ನನಗೂ ತಿಳಿಸಲಿಲ್ಲ. ಹೊಟ್ಟೆಯ ಮೇಲಿನ ಹೊಲಿಗೆಯ ಗುರುತು ಹೆರಿಗೆಯದೆಂದೇ ನಂಬಿದ್ದ ಅವಳು, ಇನ್ನೊಂದು ಮಗು ಬೇಕೆಂದು ವರ್ಷ ವರ್ಷವೂ ನಾಗರಪಂಚಮಿಯಂದು ಉಪವಾಸವಿದ್ದು ನಾಗನಿಗೆ ತನು ಎರೆಯುತ್ತಿದ್ದಳು, ಗೊತ್ತಿದ್ದವರು ಪಕ್ಕದಲ್ಲೇ ಕೈಮುಗಿದು ನಿಂತಿರುತ್ತಿದ್ದರು. ಎಷ್ಟೋ ಕಾಲದ ಮೇಲೆ ಬೇರೊಬ್ಬ ಡಾಕ್ಟರಮ್ಮ ಹಳೆಯ ಕಾಗದಗಳನ್ನು ನೋಡಿ ವಿಷಯ ಹೇಳಿದಾಗ, “ಅಕ್ಕಾ, ನನ್ನನ್ನು ಕೇಳಿದ್ದರೆ ನಾನೇ ಹೇಳುತ್ತಿದ್ದೆನಲ್ಲ” ಎಂದಳು. ಆಮೇಲೆ ಅಣ್ಣನ ಮನೆಯ ಮೆಟ್ಟಿಲು ಹತ್ತಲಿಲ್ಲ. ಅವಳು ಸಾಕಲಾರಳೆಂದು ಇವರೆಲ್ಲ ತೀರ್ಮಾನಿಸಿದ್ದ ಆ ಮಗನನ್ನು, ಅತ್ತೆಯ ನೆರವಿನಿಂದ ಅವಳೇ ಬೆಳೆಸಿದಳು.

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ಅವಳನ್ನು ಕೇಳದೆ ಸಹಿ ಹಾಕಬೇಡ, ನಿನ್ನ ಅಪ್ಪನಿಗೂ ಹಾಕಲು ಬಿಡಬೇಡ.

ನನ್ನ ಮನಸ್ಸಿನಲ್ಲಿ ಬಹಳ ಕಾಲದಿಂದ ಉಳಿದಿರುವ ನೋವು ಬೇರೆಯೇ ಇದೆ. ಬೌದ್ಧಿಕ ಅಂಗವೈಕಲ್ಯ ಇರುವವರ ಸಭೆಯೆಂದು ಕರೆಯುತ್ತಾರೆ, ವೇದಿಕೆಯ ಮೇಲೆ ಅಪ್ಪ, ಅಣ್ಣ, ಮುಖ್ಯ ಅತಿಥಿ ಮಾತನಾಡುತ್ತಾರೆ, ಯಾರ ಸಭೆಯೋ ಅವರು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕು. ಒಮ್ಮೆ ಚಿಕ್ಕಮ್ಮ ಕೈಯೆತ್ತಿದರೆ, ಮೈಕನ್ನು ತಂದು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಅವಳಿಗೇ ಕೊಟ್ಟೆ, ಅವಳು ಹೇಳಬೇಕಾದ್ದನ್ನು ತಡವರಿಸುತ್ತಲೇ ಪೂರ್ತಿ ಹೇಳಿದಳು. ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಇಂಥದ್ದೇ ಒಬ್ಬ ಹೆಣ್ಣುಮಗಳು, ಅತ್ಯಾಚಾರದಿಂದ ಬಸುರಾದವಳು, ತನಗೆ ಮಗು ಬೇಕೆಂದು ಹೇಳಿದರೂ ಹೈಕೋರ್ಟು ಗರ್ಭಪಾತಕ್ಕೆ ಆದೇಶಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆದು, ಅವಳ ಒಪ್ಪಿಗೆಯಿಲ್ಲದೆ ಮಾಡಕೂಡದೆಂದಿತು. ಅಷ್ಟು ದೊಡ್ಡ ನ್ಯಾಯಾಲಯ ಕಿವಿಗೊಟ್ಟ ಮಾತಿಗೆ ನಮ್ಮ ಮನೆಗಳಲ್ಲಿ ಕಿವಿಗೊಡುವವರಿಲ್ಲ.

ಮುಖ್ಯವಾದದ್ದನ್ನೇ ಹೇಳದೆ ಹೋಗುತ್ತಿದ್ದೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 10ನೇ ಸೆಕ್ಷನ್ನಿನಂತೆ, ತಿಳಿದು, ಸ್ವಇಚ್ಛೆಯಿಂದ ಅವಳು ಒಪ್ಪದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಮುಂದಿನ ತಪಾಸಣೆಗೆ ತಾಯಿ ಕಾರ್ಡ್ ಹಿಡಿದು ನೀನೂ ಹೋಗು. ಆಪರೇಷನ್ ಎಂದರೇನು, ಕಾಪರ್-ಟಿ ಎಂದರೇನು, ಯಾವುದನ್ನು ಆಮೇಲೆ ತೆಗೆಸಬಹುದು ಎಂದು ಡಾಕ್ಟರು ಚಿತ್ರ ತೋರಿಸಿ ಅವಳಿಗೇ ಹೇಳಲಿ. ಆಗ ಅತ್ತೆ ಹೊರಗಿರಲಿ. ಎರಡು ದಿನ ಬಿಟ್ಟು ಮತ್ತೆ ಕೇಳು. ಹೆರಿಗೆಯ ನೋವು ಶುರುವಾದ ಮೇಲೆ ಯಾರೂ ಕೇಳಬಾರದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆ 6 ಬಾರಿ ಮನೆಗೆ ಬರಬೇಕು. ಮಗುವಿಗೆ ಸ್ನಾನ ಮಾಡಿಸುವುದು, ಹಾಲು ಕುಡಿಸಿ ತೇಗಿಸುವುದನ್ನು ಪ್ರತಿ ಸಲವೂ ನಿನ್ನ ತಂಗಿಯ ಕೈಯಿಂದಲೇ ಮಾಡಿಸಲು ಅವರಿಗೆ ಈಗಲೇ ಹೇಳಿಡು.