ಅಪ್ಪನ ಹಳೇ ಪಿನ್‌ಬಾಲ್ ಹೊಸ ಲ್ಯಾಪ್‌ಟಾಪ್‌ಗೆ ಹಾಕುವುದು ಹೇಗೆ? ಆಡಿ ಗೊತ್ತಿರುವವರು ಹೇಳಿ

ಕೇಳಿದ್ದು, ದಾವಣಗೆರೆಯಿಂದ:

ವಿಂಡೋಸ್ ಎಕ್ಸ್‌ಪಿಯಲ್ಲಿ ಇರುತ್ತಿದ್ದ ಸ್ಪೇಸ್ ಕೆಡೆಟ್ ಪಿನ್‌ಬಾಲ್ ನೆನಪಿದೆಯಾ? ನಮ್ಮ ಅಪ್ಪ ರಾತ್ರಿ ಊಟ ಆದ ಮೇಲೆ ದಿನಾ ಆಡುತ್ತಿದ್ದರು. ಈಗ ರಿಟೈರ್ ಆಗಿದ್ದಾರೆ. ಹೊಸ ಲ್ಯಾಪ್‌ಟಾಪ್ ತಂದ ದಿನವೇ "ಇದರಲ್ಲಿ ಆ ಗೋಲಿ ಆಟ ಇಲ್ವಾ?" ಅಂತ ಕೇಳಿದರು. ವಿಂಡೋಸ್ 11 ಇದೆ. ಎಲ್ಲಿಂದ ಹಾಕಿಕೊಡಲಿ? ಇನ್ನೊಂದು ವಿಷಯ, ಚೆಂಡು ಕೆಳಗೆ ಬೀಳದ ಹಾಗೆ ಹೊಡೆಯುವುದು ಬಿಟ್ಟರೆ ನಮಗೆ ಆ ಆಟದಲ್ಲಿ ಏನೂ ಗೊತ್ತಿರಲಿಲ್ಲ. ಸರಿಯಾಗಿ ಆಡುವುದು ಹೇಗೆ?

ಹುಬ್ಬಳ್ಳಿಯಿಂದ:

ಮೊದಲು ಒಂದು ಮಾತು. ಸಿಕ್ಕ ಸಿಕ್ಕ ಸೈಟಿನಿಂದ ಇಳಿಸಬೇಡಿ. ನಾನು ಹಾಗೆ ಮಾಡಿ, ಆಟದ ಜೊತೆ ಇನ್ನೇನೋ ಸೇರಿಕೊಂಡು, ಬ್ರೌಸರ್ ತೆರೆದರೆ ಸಾಕು ಜಾಹೀರಾತು ಬರುವ ಹಾಗಾಯಿತು. ಕೊನೆಗೆ ವಿಂಡೋಸನ್ನೇ ಮತ್ತೆ ಹಾಕಬೇಕಾಯಿತು.

ಮನೆಯಲ್ಲೋ ನೆಂಟರ ಮನೆಯಲ್ಲೋ ಹಳೇ ಎಕ್ಸ್‌ಪಿ ಕಂಪ್ಯೂಟರ್ ಇದ್ದರೆ, ಕೆಟ್ಟಿದ್ದರೂ ಪರವಾಗಿಲ್ಲ, ಅದರ ಹಾರ್ಡ್ ಡಿಸ್ಕ್ ಸಾಕು. ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಅದರೊಳಗೆ ವಿಂಡೋಸ್ ಎನ್‌ಟಿ, ಅದರೊಳಗೆ ಪಿನ್‌ಬಾಲ್ ಅಂತ ಒಂದು ಫೋಲ್ಡರ್ ಇರುತ್ತದೆ. ಇಡೀ ಫೋಲ್ಡರ್ ಕಾಪಿ ಮಾಡಿಕೊಳ್ಳಿ. ಬರೀ ಪ್ರೋಗ್ರಾಂ ಫೈಲ್ ತಂದರೆ ನಡೆಯುವುದಿಲ್ಲ, ಟೇಬಲ್ಲಿನ ಚಿತ್ರ, ಸದ್ದು, ಸಂಗೀತ ಎಲ್ಲ ಬೇರೆ ಬೇರೆ ಫೈಲುಗಳಲ್ಲಿವೆ. ಇನ್‌ಸ್ಟಾಲ್ ಮಾಡುವುದು ಏನೂ ಇಲ್ಲ, ಪೆನ್ ಡ್ರೈವಿನಿಂದ ಹಾಕಿ ಡಬಲ್ ಕ್ಲಿಕ್ ಮಾಡಿದರೆ ಆಯಿತು. ನನ್ನ ಹತ್ತಿರ ಹಾಗೇ ಓಡುತ್ತಿದೆ.

ಆದರೆ ಕಿಟಕಿ ತುಂಬಾ ಚಿಕ್ಕದಾಗಿ ಕಾಣುತ್ತದೆ, ಯಾಕೆಂದರೆ ಆಟ ಇರುವುದೇ 640 x 480ರ ಅಳತೆಗೆ. ವಯಸ್ಸಾದವರ ಕಣ್ಣಿಗೆ ಕಷ್ಟ. ಅದಕ್ಕೂ ದಾರಿ ಇದೆ. 2021ರಲ್ಲಿ ಒಬ್ಬರು ಈ ಆಟದ ಪ್ರೋಗ್ರಾಮನ್ನು ಬಿಡಿಸಿ ಕೋಡ್ ಮತ್ತೆ ಬರೆದು, ಕೋಡ್ ಹಂಚಿಕೊಳ್ಳುವ ಸೈಟ್ ಆದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಟ್ಟಿದ್ದಾರೆ. ಅದನ್ನು ನಿಮ್ಮ ಹಳೇ ಫೋಲ್ಡರಿನ ಫೈಲುಗಳ ಜೊತೆ ಇಟ್ಟರೆ ಕಿಟಕಿಯನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಲಿನಕ್ಸ್, ಮ್ಯಾಕ್‌ನಲ್ಲೂ ಓಡುತ್ತದೆ.

ಶಿವಮೊಗ್ಗದಿಂದ:

ಹಾಕುವುದು ಹೇಗೆ ಅಂತ ಮೇಲೆ ಹೇಳಿದ್ದಾರೆ, ನಾನು ಆಡುವುದು ಹೇಳುತ್ತೇನೆ. ನಾನೂ ಐದಾರು ವರ್ಷ ಏನೂ ತಿಳಿಯದೆ ಆಡಿದವಳು. ಅದು ಬರೀ ಅಂಕ ಗಳಿಸುವ ಆಟ ಅಂದುಕೊಂಡಿದ್ದೆ. ಅದರಲ್ಲಿ 17 ಮಿಷನ್ ಇವೆ, ಕೆಡೆಟ್‌ನಿಂದ ಶುರುವಾಗಿ ಫ್ಲೀಟ್ ಅಡ್ಮಿರಲ್ ತನಕ 9 ಹುದ್ದೆ ಇವೆ ಅಂತ ಗೊತ್ತಾದ ದಿನ ನನಗೆ ಹೊಸ ಆಟವೇ ಸಿಕ್ಕ ಹಾಗಾಯಿತು.

ಕ್ರಮ ಇಷ್ಟೇ. ಮೂರು ಮಿಷನ್ ಟಾರ್ಗೆಟ್ ಇವೆ. ಅವುಗಳಿಗೆ ಹೊಡೆದರೆ ಮಿಷನ್ ಆಯ್ಕೆ ಆಗುತ್ತದೆ. ಆಮೇಲೆ ಚೆಂಡನ್ನು ಲಾಂಚ್ ರ‍್ಯಾಂಪ್ ಹತ್ತಿಸಬೇಕು, ಆಗಲೇ ಮಿಷನ್ ಶುರು. ಏನು ಮಾಡಬೇಕು ಅಂತ ಬಲಗಡೆ ಅಕ್ಷರದಲ್ಲಿ ಬರುತ್ತದೆ, ನಾವ್ಯಾರೂ ಅದನ್ನು ಓದುತ್ತಿರಲಿಲ್ಲ ಅಲ್ವಾ? ಮೊದಲಿಗೆ ಟಾರ್ಗೆಟ್ ಪ್ರಾಕ್ಟೀಸ್ ಒಳ್ಳೆಯದು, ಅಟ್ಯಾಕ್ ಬಂಪರುಗಳಿಗೆ (ಚೆಂಡನ್ನು ಚಿಮ್ಮಿಸುವ ಗುಂಡುಗಳಿಗೆ) 8 ಸಲ ತಾಗಿದರೆ ಮುಗಿಯಿತು. ಲಾಂಚ್ ಟ್ರೈನಿಂಗ್‌ನಲ್ಲಿ ಅದೇ ರ‍್ಯಾಂಪನ್ನು 3 ಸಲ ಹತ್ತಿಸಬೇಕು. ಮಿಷನ್ ಮುಗಿದ ಹಾಗೆ ಟೇಬಲ್ ಮಧ್ಯದ ಲೈಟುಗಳು ಹತ್ತುತ್ತಾ ಹೋಗುತ್ತವೆ, ಎಲ್ಲ ಹತ್ತಿದಾಗ ಬಡ್ತಿ.

ಇದೆಲ್ಲ ಆಗಬೇಕಾದರೆ ಕೈ ಪಳಗಬೇಕು. ನಾನು ಕಲಿತ ದೊಡ್ಡ ಪಾಠ, ಚೆಂಡನ್ನು ಹಿಡಿದು ನಿಲ್ಲಿಸುವುದು. ಚೆಂಡು ಉರುಳಿಕೊಂಡು ಬರುವಾಗ ಫ್ಲಿಪ್ಪರನ್ನು, ಅಂದರೆ ಚೆಂಡು ಹೊಡೆಯುವ ಕೆಳಗಿನ ಕೈಯನ್ನು, ಮೇಲೆತ್ತಿ ಹಾಗೇ ಒತ್ತಿ ಹಿಡಿದುಕೊಳ್ಳಿ. ಚೆಂಡು ಅದರ ಬುಡದಲ್ಲಿ ಬಂದು ಕೂತುಬಿಡುತ್ತದೆ. ಈಗ ಉಸಿರು ಬಿಡಿ, ಎಲ್ಲಿಗೆ ಹೊಡೆಯಬೇಕು ಅಂತ ನೋಡಿ, ಕೀ ಬಿಡಿ, ಚೆಂಡು ತುದಿಯ ಕಡೆ ಉರುಳುವಾಗ ಹೊಡೆಯಿರಿ. ತಡಮಾಡಿ ತುದಿಯಲ್ಲಿ ಹೊಡೆದಷ್ಟೂ ಎದುರು ಬದಿಗೆ ಓರೆಯಾಗಿ ಹೋಗುತ್ತದೆ. ಎರಡೂ ಫ್ಲಿಪ್ಪರ್ ಒಟ್ಟಿಗೆ ಬಡಿಯುವುದನ್ನು ಮಾತ್ರ ಬಿಡಿ, ಒಂದು ಮೇಲಿದ್ದರೆ ಇನ್ನೊಂದು ಕೆಳಗಿರಲಿ, ಇಲ್ಲದಿದ್ದರೆ ನಡುವಿನ ಸಂದಿ ಇನ್ನೂ ದೊಡ್ಡದಾಗುತ್ತದೆ.

ಕೀಗಳು: ಎಡಕ್ಕೆ ಜಡ್, ಬಲಕ್ಕೆ ಸ್ಲ್ಯಾಷ್, ಚೆಂಡು ಬಿಡಲು ಸ್ಪೇಸ್ ಬಾರ್. ಟೇಬಲ್ಲನ್ನು ಮೆಲ್ಲಗೆ ತಳ್ಳಲು ಎಕ್ಸ್, ಫುಲ್‌ಸ್ಟಾಪ್ ಮತ್ತು ಮೇಲಿನ ಬಾಣ. ಜಾಸ್ತಿ ತಳ್ಳಿದರೆ ಟಿಲ್ಟ್ ಆಗಿ ಫ್ಲಿಪ್ಪರೇ ಸತ್ತುಹೋಗುತ್ತದೆ. ಕೀ ಬದಲಾಯಿಸಬೇಕಾದರೆ ಎಫ್8.

ಟೆಕ್ಸಸ್‌ನ ಆಸ್ಟಿನ್‌ನಿಂದ:

ನಾನಿರುವ ಊರಿನಲ್ಲೇ ಈ ಆಟ ಹುಟ್ಟಿದ್ದು, ಅದಕ್ಕೇ ಬರೆಯದೆ ಇರಲಾಗಲಿಲ್ಲ. ಸಿನೆಮಾಟ್ರಾನಿಕ್ಸ್ ಅಂತ ಇಲ್ಲಿನ ಸಣ್ಣ ಕಂಪನಿ ಮಾಡಿದ್ದು. 1995ರಲ್ಲಿ ಮ್ಯಾಕ್ಸಿಸ್ ಅನ್ನುವ ಗೇಮ್ ಕಂಪನಿ ಇದನ್ನು 'ಫುಲ್ ಟಿಲ್ಟ್! ಪಿನ್‌ಬಾಲ್' ಅಂತ ಹೊರತಂದಿತು. ಅದರಲ್ಲಿ ಮೂರು ಟೇಬಲ್. ಸ್ಪೇಸ್ ಕೆಡೆಟ್ ಒಂದು, ಕಡಲುಗಳ್ಳರದು ಒಂದು, ಡ್ರ್ಯಾಗನ್ ಕೋಟೆಯದು ಒಂದು. ಮೈಕ್ರೋಸಾಫ್ಟ್‌ಗೆ ಹೋಗಿದ್ದು ಮೊದಲನೆಯದು ಮಾತ್ರ. ವಿಂಡೋಸ್ 95ರ ಪ್ಲಸ್ ಅನ್ನುವ ಹೆಚ್ಚುವರಿ ಪ್ಯಾಕಿನಲ್ಲಿ ಬಂದು, ಆಮೇಲೆ ಎನ್‌ಟಿ 4, 2000, ಎಂಇ, ಎಕ್ಸ್‌ಪಿಯ ತನಕ ಇತ್ತು.

ಅದರ ನಂತರ ಬಂದ ವಿಂಡೋಸ್ ವಿಸ್ಟಾದಲ್ಲಿ ಯಾಕೆ ಹೋಯಿತು ಅಂತ ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಬರೆದಿದ್ದಾರೆ. ಆಟವನ್ನು 64 ಬಿಟ್‌ಗೆ (ಹೊಸ ಬಗೆಯ ಪ್ರೊಸೆಸರಿಗೆ) ಬದಲಾಯಿಸಿದಾಗ ಚೆಂಡು ತಾಗಬೇಕಾದ ಕಡೆ ತಾಗದೆ ದೆವ್ವದ ಹಾಗೆ ಎಲ್ಲದರ ಒಳಗೂ ತೂರಿ ಹೋಗುತ್ತಿತ್ತಂತೆ. ಹೊರಗಿನವರು ವರ್ಷಗಳ ಹಿಂದೆ ಬರೆದ ಕೋಡ್, ಎಲ್ಲಿ ತಪ್ಪಾಗಿದೆ ಅಂತ ಹಿಡಿಯಲು ಆಗದೆ ಆಟವನ್ನೇ ಕೈಬಿಟ್ಟರಂತೆ. ನಿಮ್ಮ ಹಳೇ ಫೋಲ್ಡರಿನದು 32 ಬಿಟ್ ಪ್ರೋಗ್ರಾಂ, ಅದಕ್ಕೆ ಈ ತೊಂದರೆ ಇಲ್ಲ.

ಮೈಸೂರಿನಿಂದ:

ಒಂದೇ ಸಣ್ಣ ಸೇರ್ಪಡೆ. ಆಟ ತೆರೆದ ತಕ್ಷಣ ಇಂಗ್ಲಿಷಿನಲ್ಲಿ 'ಹಿಡನ್ ಟೆಸ್ಟ್' ಅಂತ ಟೈಪ್ ಮಾಡಿ, ನಡುವೆ ಜಾಗ ಬಿಟ್ಟು. ಚೆಂಡನ್ನು ಮೌಸ್‌ನಲ್ಲಿ ಎಳೆದಾಡಬಹುದು. ಯಾವ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಅಪ್ಪನಿಗೆ ತೋರಿಸಲು ಒಳ್ಳೆಯದು. ನನ್ನ ಮಗಳಿಗೆ ನಾನು ರ‍್ಯಾಂಪ್ ತೋರಿಸಿಕೊಟ್ಟಿದ್ದು ಹೀಗೇ.

ದಾವಣಗೆರೆಯಿಂದ, ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಿಕ್ಕಪ್ಪನ ಮನೆಯ ಅಟ್ಟದಲ್ಲಿ ಹಳೇ ಸಿಪಿಯು ಸಿಕ್ಕಿತು, ಫೋಲ್ಡರ್ ಹಾಗೇ ಇತ್ತು. ಅಪ್ಪ ನಿನ್ನೆ ಕನ್ನಡಕ ಹಾಕಿಕೊಂಡು ಬಲಗಡೆಯ ಅಕ್ಷರ ಜೋರಾಗಿ ಓದುತ್ತಾ ಆಡಿದರು. ಶಿವಮೊಗ್ಗದ ಅಕ್ಕನಿಗೆ ಅವರದೇ ಪ್ರಶ್ನೆ: ಮಿಷನ್ ಅರ್ಧದಲ್ಲಿರುವಾಗ ತಾನಾಗಿ ರದ್ದಾಗುತ್ತದೆ, ಯಾಕೆ?

ಶಿವಮೊಗ್ಗದಿಂದ:

ಇಂಧನ ಖಾಲಿ ಆಗಿರುತ್ತದೆ. ಫ್ಯೂಯಲ್ ಲೈಟುಗಳು ಒಂದೊಂದಾಗಿ ಆರುತ್ತಾ ಬರುತ್ತವೆ ನೋಡಿ, ಎಲ್ಲ ಆರಿದರೆ ಮಿಷನ್ ಹೋಯಿತು. ಎರಡು ಮೂರು ಉಳಿದಿರುವಾಗಲೇ ಬೇರೆ ಎಲ್ಲ ಬಿಟ್ಟು ಫ್ಯೂಯಲ್ ಷೂಟ್‌ಗೆ (ಇಂಧನ ತುಂಬುವ ಓಣಿಗೆ) ಚೆಂಡು ಕಳಿಸಲು ಹೇಳಿ, ಮತ್ತೆ ತುಂಬುತ್ತದೆ. ಕೆಡೆಟ್ ಆದ ಮೇಲಿನ ಹುದ್ದೆ ಎನ್‌ಸೈನ್ ಆದಾಗ ನನಗೆ ತಿಳಿಸಲು ಹೇಳಿ ಅಪ್ಪನಿಗೆ.