ಸಹಾಯ ಬೇಕು: ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ಆಪರೇಷನ್ ಮಾಡಿಸಬೇಕಾ?

ನಮಸ್ಕಾರ, ನಾವು ಶಿರಸಿ ಕಡೆಯವರು. ತಂಗಿಗೆ ಈಗ 22 ವಾರ. ಮಗುವಿನ ಬೆನ್ನುಹುರಿ ಮುಚ್ಚಿಕೊಂಡಿಲ್ಲ, ಸ್ಪೈನಾ ಬೈಫಿಡಾ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಯ್ತು. ಹುಬ್ಬಳ್ಳಿಗೂ ಹೋಗಿ ಬಂದ್ವಿ. ಒಬ್ಬ ಡಾಕ್ಟರು ಹುಟ್ಟಿದ ಮೇಲೆ ಆಪರೇಷನ್ ಮಾಡೋಣ ಅಂತಾರೆ, ಇನ್ನೊಬ್ಬರು ಗರ್ಭದಲ್ಲೇ ಆಗತ್ತೆ, ಆದರೆ 26 ವಾರದೊಳಗೆ ಅಂತಾರೆ. 2011ರ ಅಮೆರಿಕದ ಅಧ್ಯಯನ ಓದಿದೆ: ಹುಟ್ಟಿದ ಮೇಲೆ ಮಾಡಿದ ಮಕ್ಕಳಲ್ಲಿ ಶೇ. 82ರಷ್ಟು ಮಂದಿಗೆ ತಲೆಯ ನೀರಿಳಿಸೋ ಶಂಟ್ ಅನ್ನೋ ಕೊಳವೆ ಬೇಕಾಯ್ತು, ಗರ್ಭದಲ್ಲೇ ಮಾಡಿದವರಲ್ಲಿ ಶೇ. 40. ಆದರೆ ಅವಧಿಗೆ ಮುಂಚೆ ಹೆರಿಗೆ, ತಾಯಿಯ ಗರ್ಭಕೋಶಕ್ಕೂ ಅಪಾಯ ಅಂತ ಅದರಲ್ಲೇ ಇದೆ. ಅಮ್ಮ ಮಾರಿಕಾಂಬೆಗೆ ಹರಕೆ ಹೊತ್ತು ಕೂತಿದ್ದಾಳೆ. ನನಗೆ ದಿನ ಎಣಿಸೋದೇ ಕೆಲಸ.

ಕರ್ನಾಟಕದಲ್ಲಿ ಗರ್ಭದಲ್ಲೇ ಇದನ್ನು ಮಾಡಿಸಿಕೊಂಡವರು ಇದ್ದೀರಾ? ಎಲ್ಲಿ ಮಾಡಿಸಿದ್ರಿ, ಖರ್ಚು ಎಷ್ಟಾಯ್ತು?