ಆರ್‌ವಿ ಆನಿಂಗ್ ಬಟ್ಟೆ ಮೇಲ್ಗಡೆ ಹರಿದಿದೆ, ನಾನೇ ಬದಲಿಸಬಹುದಾ?

ಸಾಗರದವ_ಚಾಂಡ್ಲರ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಅರಿಝೋನಾದ ಚಾಂಡ್ಲರ್‌ನಲ್ಲಿ. ಮೂರು ವರ್ಷದ ಹಿಂದೆ 2004ರ ಒಂದು ಟ್ರಾವೆಲ್ ಟ್ರೈಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಆರ್‌ವಿ, ಅಂದ್ರೆ ಚಕ್ರದ ಮೇಲಿನ ಮನೆ) ಸೆಕೆಂಡ್ ಹ್ಯಾಂಡ್ ತಗೊಂಡೆ. ಉದ್ದ 26 ಅಡಿ. ಬಾಗಿಲ ಕಡೆ 18 ಅಡಿಯ ಆನಿಂಗ್, ಅಂದ್ರೆ ಬೇಕಾದಾಗ ಬಿಚ್ಚಿ ಸುತ್ತುವ ನೆರಳಿನ ಬಟ್ಟೆ ಇದೆ. ಮೋಟಾರ್ ಇಲ್ಲ, ಪಟ್ಟಿ ಹಿಡಿದು ಕೈಯಲ್ಲೇ ಎಳೆಯುವಂಥದ್ದು. ಬಟ್ಟೆ ವಿನೈಲ್.

ಹೋದ ತಿಂಗಳು ಪೇಸನ್ ದಾಟಿ ಮೊಗೊಯಾನ್ ರಿಮ್ ಮೇಲೆ ಕ್ಯಾಂಪ್ ಹಾಕಿದ್ವಿ. ಊರಿಂದ ಅಮ್ಮ ಬಂದಿದ್ದಾರೆ. ಅವರಿಗೆ ನೆರಳು ಮಾಡಿಕೊಡೋಣ ಅಂತ ಆನಿಂಗ್ ಎಳೆದೆ. ಅರ್ಧಕ್ಕೆ ಬಂದಾಗ 'ಪರ್ರ್' ಅಂತ ಸದ್ದು. ನೋಡಿದರೆ ಗಾಡಿಯ ಮೈಗೆ ಸೇರುವ ಜಾಗದಲ್ಲಿ, ಬಟ್ಟೆಯ ಅಂಚು ಸಿಕ್ಕಿಸುವ ಅಲ್ಯೂಮಿನಿಯಂ ಚಾನಲ್‌ನ ಉದ್ದಕ್ಕೆ ಎರಡಡಿ ಹರಿದಿದೆ. ವಿಚಿತ್ರ ಏನಂದ್ರೆ, ಸುರುಳಿಯ ಒಳಗಿದ್ದ ಬಟ್ಟೆ ಇನ್ನೂ ಹೊಸದರ ಹಾಗೆ ಕಡು ನೀಲಿ. ಮೇಲಿನ ಆ ಒಂದು ಗೇಣು ಮಾತ್ರ ಬಿಳಚಿಕೊಂಡು, ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅಮ್ಮ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತಲೆ ಎತ್ತಿ ನೋಡಿ, "ಇದಕ್ಕಿಂತ ಅಡಿಕೆ ಸೋಗೆ ಹೊದೆಸಿದ್ರೆ ಆಗ್ತಿತ್ತು ಮಾರಾಯ" ಅಂದರು.

ಟೇಪ್ ಹಾಕಿ ಮನೆ ಸೇರಿದೆ. ಇಲ್ಲಿನ ಒಂದು ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ ಬಟ್ಟೆ, ಕೂಲಿ ಎಲ್ಲ ಸೇರಿ 1,150 ಡಾಲರ್, ಅದೂ ಐದು ವಾರ ಕಾಯಬೇಕಂತೆ. ಆನ್‌ಲೈನ್‌ನಲ್ಲಿ ಬರೀ ಬಟ್ಟೆ 300ರ ಆಸುಪಾಸು ಕಾಣಿಸುತ್ತಿದೆ. ನನಗೆ ಡ್ರಿಲ್ ಹಿಡಿಯಲು ಬರುತ್ತದೆ, ಏಣಿ ಹತ್ತಲು ಭಯ ಇಲ್ಲ. ಆದರೆ ಬಟ್ಟೆ ಸುತ್ತುವ ರೋಲರ್ ಒಳಗೆ ಸ್ಪ್ರಿಂಗ್ ಇದೆ, ಕೈ ಮುರಿದೀತು ಅಂತ ಒಬ್ಬರು ಹೆದರಿಸಿದರು. ನಿಜಾನಾ? ಅಳತೆ ಹೇಗೆ ತಗೊಳ್ಳೋದು? ಈ ಬಿಸಿಲಿಗೆ ವಿನೈಲೇ ಸಾಕಾ, ಆಕ್ರಿಲಿಕ್ ಬೇಕಾ? ಟೇಪಿನಲ್ಲೇ ಇನ್ನೊಂದು ವರ್ಷ ತಳ್ಳಬಹುದಾ?

ಇನ್ನೊಂದು ತಾಪತ್ರಯ. ಮನೆ ಮುಂದೆ ಟ್ರೈಲರ್ ನಿಲ್ಲಿಸಲು ನಮ್ಮ ಬಡಾವಣೆಯ ಮನೆಮಾಲೀಕರ ಸಂಘ, ಅಂದ್ರೆ ಎಚ್‌ಒಎ 48 ಗಂಟೆ ಮಾತ್ರ ಬಿಡುತ್ತದೆ. ಕೆಲಸ ಒಂದು ವೀಕೆಂಡ್‌ನಲ್ಲಿ ಮುಗಿಯಲೇಬೇಕು.

ಹುಬ್ಬಳ್ಳಿ_ಟು_ಆಸ್ಟಿನ್

ನಾನು ಎರಡು ಸಲ ಮಾಡಿದ್ದೇನೆ. ಒಮ್ಮೆ ನನ್ನದು, ಒಮ್ಮೆ ಗೆಳೆಯನದು. ಆಗುತ್ತದ್ರೀ. ಮೂರು ಜನ, ಎರಡು ಏಣಿ, ಅರ್ಧ ದಿನ ಬೇಕು. ಇಬ್ಬರೇ ಮಾಡ್ತೀವಿ ಅಂತ ಮಾತ್ರ ಹೊರಡಬೇಡಿ.

ಮೊದಲು ಟೇಪಿನ ಮಾತು. ಬಟ್ಟೆಯ ನಡುವೆ ತೂತಾಗಿದ್ದರೆ ಟೇಪ್ ಸಾಕಿತ್ತು. ನಿಮ್ಮದು ಹರಿದಿರುವುದು ಪೂರ್ತಿ ಭಾರ ಜೋತು ಬೀಳುವ ಜಾಗದಲ್ಲಿ. ಸುತ್ತಿಟ್ಟಾಗಲೂ ಆ ಒಂದು ಗೇಣು ಹೊರಗೇ ಉಳಿಯುತ್ತದೆ, ವರ್ಷವಿಡೀ ಬಿಸಿಲು ತಿನ್ನುತ್ತದೆ. ಅದಕ್ಕೇ ಒಳಗಿನದು ಹೊಸದಾಗಿದ್ದು ಅದೊಂದೇ ಹಪ್ಪಳ ಆಗಿರುವುದು. ಹೊಸದು ತರಿಸುವಾಗ ಆ ಭಾಗಕ್ಕೆ ದಪ್ಪ ಪಟ್ಟಿ ಅಥವಾ ತಗಡಿನ ಕವರ್ ಇರುವುದನ್ನೇ ಕೇಳಿ ತಗೊಳ್ಳಿ. ನಿಮ್ಮ ಕಡೆಯ ಬಿಸಿಲಿಗೆ ವಿನೈಲಾ, ಆಕ್ರಿಲಿಕ್ಕಾ ಅನ್ನೋದಕ್ಕಿಂತ ಇದು ಮುಖ್ಯ.

ಅಳತೆಯಲ್ಲಿ ಎಲ್ಲರೂ ಎಡವುತ್ತಾರೆ. 18 ಅಡಿ ಆನಿಂಗ್ ಅಂದರೆ ಅದನ್ನು ಎರಡು ಬದಿಗೆ ಹಿಡಿದಿರುವ ಲೋಹದ ಕೈಗಳಲ್ಲಿ ಒಂದು ಕೈಯ ನಡುಮಧ್ಯದಿಂದ ಇನ್ನೊಂದು ಕೈಯ ನಡುಮಧ್ಯಕ್ಕೆ. ಬಟ್ಟೆ ಅದಕ್ಕಿಂತ ಹತ್ತಿಂಚಿನ ಆಸುಪಾಸು ಗಿಡ್ಡ ಇರುತ್ತದೆ. ಬಟ್ಟೆ ಅಳೆದು ಆ ಅಂಕಿ ಕೊಟ್ಟರೆ ಇನ್ನೂ ಗಿಡ್ಡದ್ದು ಬಂದು ಕೂರುತ್ತದೆ. ಎರಡೂ ಅಳತೆ ಬರೆದು ಕಳಿಸಿ, ಯಾವುದು ಯಾವುದು ಅಂತ ಹೇಳಿ.

ಬಟ್ಟೆಯ ಅಂಚಿನಲ್ಲಿ, ಪೈಜಾಮಕ್ಕೆ ಲಾಡಿ ಇದ್ದ ಹಾಗೆ, ಹಗ್ಗ ಸೇರಿಸಿ ಹೊಲಿದಿರುತ್ತಾರೆ. ಆ ಲಾಡಿ ಚಾನಲ್ ಒಳಗೆ ಜಾರುತ್ತದೆ. ಚಾನಲ್‌ನ ಎರಡೂ ತುದಿಗೆ ಒಂದೊಂದು ಸಣ್ಣ ಸ್ಕ್ರೂ ಇರುತ್ತದೆ, ಬಟ್ಟೆ ಅತ್ತಿತ್ತ ಸರಿಯದಿರಲಿ ಅಂತ. ಅದನ್ನು ತೆಗೆಯಿರಿ. ಆಮೇಲೆ ಬಟ್ಟೆ ಹೊರಗೆಳೆಯುವ ಕಡೆಯ ಚಾನಲ್ ಬಾಯನ್ನು ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಚೂರು ಅಗಲಿಸಿ, ಅರದಿಂದ ಉಜ್ಜಿ ನುಣುಪು ಮಾಡಿ. ನಾನು ಮೊದಲ ಸಲ ಉಜ್ಜಲಿಲ್ಲ. ಹೊಸ ಬಟ್ಟೆ ಒಳಗೆ ಹೋಗುವಾಗಲೇ ಬ್ಲೇಡ್ ಹಾಕಿದ ಹಾಗೆ ಮೂರಿಂಚು ಸೀಳಿತು.

ಇನ್ನು ಸ್ಪ್ರಿಂಗ್. ಹೆದರಿಸಿದವರು ಸರಿಯಾಗೇ ಹೇಳಿದ್ದಾರೆ. ನಿಮ್ಮ ಥರದ ಕೈ ಆನಿಂಗ್‌ನಲ್ಲಿ ರೋಲರ್ ಕೊಳವೆಯ ಎರಡೂ ತುದಿಗೆ ಸ್ಪ್ರಿಂಗ್. ನೀವು ಎಳೆದಷ್ಟೂ ಬಿಗಿಯುತ್ತಾ ಹೋಗುತ್ತದೆ. ಲಿವರ್ ಇರುವ ಕಡೆ ಲಿವರ್ರೇ ತಡೆಯುತ್ತದೆ. ಇನ್ನೊಂದು ಕಡೆ ತುದಿಯ ಮುಚ್ಚಳದ ತೂತಿಗೆ ದಪ್ಪ ಕಾಟರ್ ಪಿನ್ ತೂರಿಸಿ ಲಾಕ್ ಮಾಡಬೇಕು. ಪಿನ್ ಬೀಳದೆ ಒಂದು ನಟ್ಟನ್ನೂ ಮುಟ್ಟಬಾರದು. ಆಮೇಲೆ ರೋಲರ್ ಒಂದನ್ನೇ ಬಿಚ್ಚುವುದೋ, ಕೈಗಳ ಸಮೇತ ಇಳಿಸುವುದೋ ಅದು ಮಾಡೆಲ್ ಮೇಲೆ. ನಾನು ಕೈ ಸಮೇತ ಇಳಿಸಿದೆ. ಒಬ್ಬ ಹಿಂದೆ, ಒಬ್ಬ ಮುಂದೆ, ಮೂರನೆಯವ ಏಣಿ ಮೇಲೆ ನಿಂತು ಲಾಡಿಯನ್ನು ಚಾನಲ್‌ನಿಂದ ಬಿಡಿಸುತ್ತಾ, ಮೂವರೂ ಒಂದೇ ಹೆಜ್ಜೆಯಲ್ಲಿ ಗಾಡಿಯ ಉದ್ದಕ್ಕೆ ನಡೆಯಬೇಕು. ಥೇಟ್ ಪಲ್ಲಕ್ಕಿ ಉತ್ಸವ.

ಕೆಳಗಿಳಿಸಿ ಮುಚ್ಚಳದ ರಿವೆಟ್ ಡ್ರಿಲ್ ಮಾಡುವಾಗ ಇನ್ನೊಬ್ಬರು ವೈಸ್‌ಗ್ರಿಪ್ (ಲಾಕ್ ಆಗುವ ಇಕ್ಕಳ) ಹಾಕಿ ಗಟ್ಟಿ ಹಿಡಿದಿರಲಿ. ಕೊನೆಯ ರಿವೆಟ್ ಹೋದ ಕೂಡಲೇ ಅದು ಗಿರ್ರನೆ ತಿರುಗಲು ನೋಡುತ್ತದೆ. ನಿಧಾನ ಬಿಡಿ, ಎಷ್ಟು ಸುತ್ತು ಬಿಚ್ಚಿತು ಅಂತ ಎಣಿಸಿ ಗೋಡೆ ಮೇಲೆ ಬರೆದಿಡಿ. ವಾಪಸ್ ಅಷ್ಟೇ ಸುತ್ತು, ಅದೇ ದಿಕ್ಕಿಗೆ. ಎಡ ಬಲದ ಸ್ಪ್ರಿಂಗ್ ಒಂದಕ್ಕೊಂದು ಉಲ್ಟಾ ತಿರುಗುತ್ತವೆ. ಡೊಮೆಟಿಕ್, ಕೇರ್‌ಫ್ರೀ ಅನ್ನೋ ಎರಡು ಆನಿಂಗ್ ಕಂಪನಿಗಳ ಕ್ರಮವೂ ಬೇರೆ, ಸುತ್ತಿನ ಲೆಕ್ಕವೂ ಬೇರೆ. ನಿಮ್ಮ ಮಾಡೆಲ್‌ನ ಮ್ಯಾನುಯಲ್ ಇಳಿಸಿಕೊಂಡೇ ಶುರು ಮಾಡಿ.

ದಾವಣಗೆರೆ_ಬೆಣ್ಣೆ

ನನ್ನ ಹತ್ತಿರ ಆರ್‌ವಿ ಇಲ್ಲ, ಡೆನ್ವರ್‌ನಲ್ಲಿ ಅಪಾರ್ಟ್‌ಮೆಂಟ್. ಆದರೆ ಸ್ಪ್ರಿಂಗ್ ಬಗ್ಗೆ ಒಂದು ಮಾತು. ಊರಲ್ಲಿ ನಮ್ಮಪ್ಪನ ಅಂಗಡಿಗೆ ಸುತ್ತೋ ಶಟರ್ ಇತ್ತು. ಒಳಗೆ ಇದೇ ಥರದ ಸ್ಪ್ರಿಂಗ್. ಅದು ಸಡಿಲ ಆದಾಗ ಶಟರ್ ಮೆಕ್ಯಾನಿಕ್ ಬರುತ್ತಿದ್ದ. ಕಬ್ಬಿಣದ ಸಲಾಕೆ ಹಾಕಿ ತಿರುಗಿಸುತ್ತಿದ್ದ. ಆಗ ನಮ್ಮನ್ನೆಲ್ಲ ರಸ್ತೆಯ ಆಚೆ ಬದಿಗೆ ಓಡಿಸುತ್ತಿದ್ದ. ಒಂದು ದಿನ ಸಲಾಕೆ ಕೈ ಜಾರಿ, ಎದುರಿನ ಸೈಕಲ್ ಶಾಪ್‌ನ ಬೋರ್ಡಿಗೆ ಹೋಗಿ ಬಡಿಯಿತು. ಮೆಕ್ಯಾನಿಕ್‌ಗೆ ಏನೂ ಆಗಲಿಲ್ಲ, ಯಾಕಂದ್ರೆ ಅವನು ಯಾವತ್ತೂ ಸಲಾಕೆಯ ನೇರಕ್ಕೆ ನಿಲ್ಲುತ್ತಿರಲಿಲ್ಲ. ಪಕ್ಕಕ್ಕೆ ನಿಲ್ಲುತ್ತಿದ್ದ. ನೀವೂ ಹಾಗೇ ನಿಲ್ಲಿ.

ತೀರದ_ಮಳೆ_ಸಿಯಾಟಲ್

ಅಣ್ಣ, ನಿಮ್ಮ ಕಷ್ಟ ಬಿಸಿಲು, ನಮ್ಮದು ಬೂಸ್ಟು. ಒಂದು ಸಲ ಮಳೆಯಲ್ಲಿ ಅವಸರದಿಂದ ಒದ್ದೆ ಆನಿಂಗನ್ನೇ ಸುತ್ತಿ ಮನೆಗೆ ಬಂದು, ಎರಡು ವಾರ ಮರೆತೇಬಿಟ್ಟೆವು. ಬಿಚ್ಚಿದಾಗ ತುಂಬ ದಿನ ಪಾತ್ರೆಯಲ್ಲೇ ಉಳಿದ ದೋಸೆ ಹಿಟ್ಟಿನ ವಾಸನೆ, ಅಡಿಯಿಂದ ಮುಡಿಯವರೆಗೆ ಕಪ್ಪು ಚುಕ್ಕೆ. ಒದ್ದೆ ಸುತ್ತಲೇಬೇಕಾಗಿ ಬಂದರೆ ಸುತ್ತಿ, ತೊಂದರೆ ಇಲ್ಲ. ಮಾರನೇ ದಿನ ಬಿಚ್ಚಿ ಒಣಗಿಸಿದರಾಯಿತು.

ತೊಳೆಯೋದಕ್ಕೆ ದೊಡ್ಡ ಕೆಮಿಕಲ್ ಏನೂ ಬೇಡ. ಬಕೆಟ್ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪ್, ಮೆತ್ತಗಿನ ಬ್ರಶ್. ಸೋಪಿನ ನೀರು ಹಚ್ಚಿ ಆನಿಂಗನ್ನು ಹಾಗೇ ಸುತ್ತಿಬಿಡಿ. ಐದು ನಿಮಿಷ ಬಿಟ್ಟು ಬಿಚ್ಚಿದರೆ ಎರಡೂ ಮೈಗೆ ಸೋಪ್ ತಾಗಿರುತ್ತದೆ, ನೀವು ಏಣಿ ಹತ್ತಿ ಮೇಲ್ಭಾಗ ತಿಕ್ಕುವುದು ತಪ್ಪುತ್ತದೆ. ಆಮೇಲೆ ಪೈಪಿನಲ್ಲಿ ನೀರು ಬಿಟ್ಟು ಪೂರ್ತಿ ಒಣಗಿಸಿ. ಬೂಸ್ಟು ಹಿಡಿಯುವುದು ವಿನೈಲಿಗಲ್ಲ, ಅದರ ಮೇಲೆ ಕೂತ ಧೂಳು, ಎಲೆ, ಹಕ್ಕಿ ಹಿಕ್ಕೆಗೆ. ಅದು ಇಲ್ಲದಿದ್ದರೆ ಬೂಸ್ಟೂ ಇಲ್ಲ.

ನಮ್ಮದು ಈಗ ಆಕ್ರಿಲಿಕ್. ನೇಯ್ದ ಬಟ್ಟೆ, ಗಾಳಿಯಾಡುತ್ತದೆ, ಬೇಗ ಒಣಗುತ್ತದೆ. ಆದರೆ ಜೋರು ಮಳೆಯಲ್ಲಿ ಕೆಳಗಿಂದ ಬೆರಳು ತಾಗಿಸಿದರೆ ಅಲ್ಲಿಂದ ತೊಟ್ಟಿಕ್ಕಲು ಶುರು. ಮಕ್ಕಳಿಗೆ ಅದೇ ಆಟ. ನೀವಿರುವುದು ಮರುಭೂಮಿಯಲ್ಲಿ, ಸುಮ್ನೆ ಜಾಸ್ತಿ ದುಡ್ಡು ಯಾಕೆ? ವಿನೈಲೇ ಸಾಕು.

ಸಾಗರದವ_ಚಾಂಡ್ಲರ್

ಎಲ್ಲರಿಗೂ ಥ್ಯಾಂಕ್ಸ್. ವಿನೈಲ್ ಆರ್ಡರ್ ಮಾಡಿದೆ, ಮೇಲ್ಗಡೆ ದಪ್ಪ ಪಟ್ಟಿ ಇರುವಂಥದ್ದು. ಆಸ್ಟಿನ್ ಅಣ್ಣ, ಮಡಚಿ ಬರುವ ಬಟ್ಟೆಯ ಸುಕ್ಕು ಹೋಗುತ್ತಾ? ಚಾನಲ್‌ಗೆ ಎಣ್ಣೆ ಹಾಕಬೇಕಾ?

ಹುಬ್ಬಳ್ಳಿ_ಟು_ಆಸ್ಟಿನ್

ಎಣ್ಣೆ ಬೇಡವೇ ಬೇಡ, ನಿಮ್ಮೂರಿನ ಧೂಳೆಲ್ಲ ಅಂಟುತ್ತದೆ. ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಕೈಗಳ ಕೀಲುಗಳಿಗೂ ವರ್ಷಕ್ಕೊಮ್ಮೆ ಅದೇ. ಸುಕ್ಕಿಗೆ ಬಟ್ಟೆಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹರಡಿ. ಅರಿಝೋನಾದಲ್ಲಿ ಐದು ನಿಮಿಷ ಸಾಕು ಬಿಡಿ. ರೋಲರ್‌ನಲ್ಲಿ ಮೂರು ಸೀಳು ಇರುತ್ತವೆ. ಬಟ್ಟೆಗೆ ಒಂದು, ಮುಂದೆ ಜೋತಾಡುವ ಝಾಲರಿಗೆ ಒಂದು, ಎಳೆಯುವ ಪಟ್ಟಿಗೆ ಒಂದು. ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಗೋಡೆಯಿಂದ ತೆಗೆದ ಸ್ಕ್ರೂಗಳನ್ನು ವಾಪಸ್ ಹಾಕುವಾಗ ಸೀಲೆಂಟ್ ಮರೆಯಬೇಡಿ. ಮರೆತರೆ ಆನಿಂಗ್ ಉಳಿಯುತ್ತದೆ, ಗೋಡೆ ಒಳಗೆ ಕೊಳೆಯುತ್ತದೆ.

ಸಾಗರದವ_ಚಾಂಡ್ಲರ್

ಆಯ್ತು! ಮುಗೀತು.

ಶನಿವಾರ ಬೆಳಿಗ್ಗೆ ಐದಕ್ಕೇ ಶುರು ಮಾಡಿದ್ವಿ. ಹತ್ತು ಗಂಟೆ ಮೇಲೆ ಇಲ್ಲಿ ಜುಲೈನಲ್ಲಿ ಅಲ್ಯೂಮಿನಿಯಂ ಮುಟ್ಟಲು ಆಗುವುದಿಲ್ಲ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಗೊತ್ತಲ್ವಾ? ನಾನು, ಹೆಂಡತಿ, ಪಕ್ಕದ ಮನೆಯ ಹುಡುಗ. ಅಮ್ಮ ಕಾಫಿ ಹಿಡಿದು ಮೇಲ್ವಿಚಾರಣೆ.

ಪಿನ್ ತೂರಿಸಿದ್ದು, ಪಲ್ಲಕ್ಕಿ ಮೆರವಣಿಗೆ, ಚಾನಲ್ ಬಾಯಿ ಉಜ್ಜಿದ್ದು ಎಲ್ಲ ನೀವು ಹೇಳಿದ ಹಾಗೇ. ಮುಚ್ಚಳ ಬಿಚ್ಚುವಾಗ ಎದೆ ಢವಢವ. ಶಟರ್ ಮೆಕ್ಯಾನಿಕ್‌ನ ನೆನೆಸಿಕೊಂಡು ಪಕ್ಕಕ್ಕೇ ನಿಂತೆ. ಸುತ್ತು ಎಣಿಸಲು ಹೆಂಡತಿಗೆ ಹೇಳಿದ್ದೆ, ಅವಳು ಜೋರಾಗಿ ಒಂದು, ಎರಡು ಅಂತ ಹೇಳುತ್ತಾ ಗ್ಯಾರೇಜ್ ಬಾಗಿಲ ಮೇಲೆ ಗೆರೆ ಎಳೆದಳು. ಆ ಗೆರೆಗಳು ಇನ್ನೂ ಇವೆ. ಎಚ್‌ಒಎ ಕಾಗದ ಯಾವಾಗ ಬರುತ್ತದೋ ನೋಡಬೇಕು.

ಎಡವಟ್ಟು ಆಗದೆ ಇರುತ್ತಾ? ಬಟ್ಟೆ ತೂರಿಸಿ, ಸ್ಪ್ರಿಂಗ್ ಸುತ್ತಿ, ಎರಡೂ ಮುಚ್ಚಳಕ್ಕೆ ರಿವೆಟ್ ಹೊಡೆದು ಬೆವರು ಒರೆಸಿಕೊಂಡೆ. "ಇದು ಎಂತಕ್ಕೋ?" ಅಂತ ಅಮ್ಮ ಕೇಳಿದರು. ನೋಡಿದರೆ ಅವರ ಕೈಯಲ್ಲಿತ್ತು, ಆನಿಂಗ್ ಎಳೆಯುವ ಪಟ್ಟಿ! ಮೂರನೇ ಸೀಳಿಗೆ ಹೋಗಬೇಕಾದ್ದು ಕುರ್ಚಿ ಮೇಲೆ ಉಳಿದಿತ್ತು. ಫೋಟೋ ತೆಗೆದಿದ್ದೆ, ನೋಡಿರಲಿಲ್ಲ ಅಷ್ಟೇ. ಒಂದು ಕಡೆಯ ರಿವೆಟ್ ಮತ್ತೆ ಡ್ರಿಲ್ ಮಾಡಿ, ಸುತ್ತು ಬಿಚ್ಚಿ, ಪಟ್ಟಿ ತೂರಿಸಿ, ಮತ್ತೆ ಸುತ್ತಿ... ಅಷ್ಟರಲ್ಲಿ ಗಂಟೆ ಹನ್ನೊಂದು. ಪಕ್ಕದ ಮನೆ ಹುಡುಗ ಕಾರಣ ಹೇಳಿ ಜಾಗ ಖಾಲಿ ಮಾಡಿದ. ವಾಪಸ್ ಏರಿಸಿದ್ದು ಸಂಜೆ ಏಳರ ಮೇಲೆ.

ಮರುದಿನ ಸಂಜೆಯೇ ಹಬೂಬ್, ಅಂದ್ರೆ ಧೂಳಿನ ಬಿರುಗಾಳಿ ಬಂತು. ಇಲ್ಲೂ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮಾನ್ಸೂನ್ ಅಂತಾರೆ. ಮಳೆ ಅರ್ಧ ಗಂಟೆ, ಅದಕ್ಕೂ ಮುಂಚೆ ಧೂಳಿನ ಗೋಡೆ. ಆಕಾಶ ಕಂದು ಆಗಿದ್ದು ಕಂಡ ತಕ್ಷಣ ಓಡಿಹೋಗಿ ಸುತ್ತಿದೆ. ಸಲೀಸಾಗಿ ಸುತ್ತಿಕೊಂಡಿತು, ಬಲಗಡೆ ಒಂದು ನೂಲು ಮೇಲೆ ಅನ್ನಿಸುತ್ತದೆ, ಅಡ್ಡಿ ಇಲ್ಲ. ಇನ್ನು ಮೇಲೆ ಕ್ಯಾಂಪಿನಲ್ಲಿ ಆನಿಂಗ್ ಬಿಚ್ಚಿಟ್ಟು ಮಲಗುವುದಿಲ್ಲ. ಮಳೆ ಬಂದರೆ ಒಂದು ಕೈ ತಗ್ಗಿಸಿ ನೀರು ಹರಿಯಲು ಬಿಡುತ್ತೇನೆ.

ಖರ್ಚು: ಬಟ್ಟೆ 310, ರಿವೆಟ್, ಸ್ಪ್ರೇ, ಸೀಲೆಂಟ್ ಸೇರಿ 45, ಹುಡುಗನಿಗೆ 40 ಡಾಲರ್.

ಹಳೇ ಬಟ್ಟೆ ಬಿಸಾಡಲು ಹೊರಟಿದ್ದೆ. ಅಮ್ಮ ತಡೆದರು. ಹಪ್ಪಳ ಆದ ಮೇಲಿನ ಭಾಗ ಕತ್ತರಿಸಿ ಎಸೆದು, ನೀಲಿ ಉಳಿದ ಒಳ್ಳೇ ಭಾಗವನ್ನು ತೊಳೆದು ಒಣಗಿಸಿ ಮಡಚಿದ್ದಾರೆ. ಊರಿನ ಕೊಟ್ಟಿಗೆ ಹಿಂದೆ ಕಟ್ಟಿಗೆ ರಾಶಿಗೆ ಮಳೆಗಾಲದಲ್ಲಿ ಹೊದೆಸಲಂತೆ. ಸೋಗೆ ಸಾಕು ಅಂದಿದ್ದಿರಲ್ಲ ಅಂತ ಕೇಳಿದೆ. ಉತ್ತರ ಇಲ್ಲ. ಸೂಟ್‌ಕೇಸ್ ತೂಗಿ ನೋಡಿದರು, 23 ಕೆಜಿಗಿಂತ ಎರಡು ಕೆಜಿ ಜಾಸ್ತಿ ಬಂತು. ನಾನು ತಂದುಕೊಟ್ಟಿದ್ದ ಬಾದಾಮಿ ಪ್ಯಾಕೆಟ್ ತೆಗೆದು ಹೊರಗಿಟ್ಟರು.